ಕ್ಯೂಸಿಎಕ್ಸ್-ಮಿನಿ, 40 ಮೀಟರ್: ಮೂರು ವರ್ಷ ಬಳಸಿದ ಮೇಲೆ

ಮೋರ್ಸ್ ಬರುತ್ತದೆ, ಟೊರಾಯ್ಡ್ (ಬಳೆಯಾಕಾರದ ಕಾಯಿಲ್) ಸುತ್ತುವ ತಾಳ್ಮೆಯೂ ಇದೆ ಅನ್ನುವವರಿಗೆ, ನಾವೇ ಬೆಸೆದು ಕಟ್ಟಿಕೊಳ್ಳುವ ಈ ಮೋರ್ಸ್ ಹ್ಯಾಮ್ (ಹವ್ಯಾಸಿ) ರೇಡಿಯೊ ಕಿಟ್ ಧಾರಾಳವಾಗಿ ಸಾಕು. ಮಾತಾಡಬೇಕು, ಬ್ಯಾಂಡ್ ಬದಲಿಸುತ್ತಿರಬೇಕು ಅನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಇದರಲ್ಲಿ ಮೈಕ್ ಇಲ್ಲ, ಸ್ಪೀಕರ್ ಇಲ್ಲ, ಕಿಟ್ ತರಿಸುವಾಗ ಆರಿಸಿಕೊಂಡ ಒಂದೇ ಬ್ಯಾಂಡ್ (ಇಲ್ಲಿ 40 ಮೀಟರ್, ಅಂದರೆ 7 ಮೆಗಾಹರ್ಟ್ಸ್ ಸುತ್ತಿನ ತರಂಗಗಳು). ಇದರ ಮೂಲ ರೂಪ ಕ್ಯೂಸಿಎಕ್ಸ್ 2017ರಲ್ಲಿ ಬಂತು. ಕ್ಯೂಆರ್‌ಪಿ ಲ್ಯಾಬ್ಸ್‌ನ ಹಾನ್ಸ್ ಸಮ್ಮರ್ಸ್ ಅದನ್ನು ವಿನ್ಯಾಸ ಮಾಡಿದ್ದು ಯುವ ಹ್ಯಾಮ್‌ಗಳ ಬೇಸಿಗೆ ಶಿಬಿರಕ್ಕೆಂದು. ಮಿನಿ ಅದರದೇ ಕುಗ್ಗಿಸಿದ ರೂಪ. ಅಂಗಿಯ ಜೇಬಿಗೆ ಇಳಿಯುವಷ್ಟು ಚಿಕ್ಕದು.

ಮೇಲ್ಮೈಗೆ ಕೂರುವ ಸಣ್ಣ ಬಿಡಿಭಾಗಗಳನ್ನೆಲ್ಲ ಕಾರ್ಖಾನೆಯಲ್ಲೇ ಬೆಸೆದು ಕಳಿಸುತ್ತಾರೆ. ನಮಗೆ ಉಳಿಯುವುದು ಟೊರಾಯ್ಡ್, ಕನೆಕ್ಟರ್, ಡಿಸ್‌ಪ್ಲೇ. ಕೇಳಲು ಸುಲಭ, ಆದರೆ ಕೆಡುವುದೆಲ್ಲ ಈ ಟೊರಾಯ್ಡ್‌ಗಳಲ್ಲೇ. ಎನಾಮಲ್ ತಂತಿಯ ಲೇಪ ಪೂರ್ತಿ ಸುಟ್ಟಿರುವುದಿಲ್ಲ, ಬೆಸುಗೆ ಹೊರಗಿನಿಂದ ಫಳಫಳ ಹೊಳೆಯುತ್ತದೆ, ಒಳಗೆ ಸಂಪರ್ಕವೇ ಇರುವುದಿಲ್ಲ. ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು, ಮೊದಲೇ ಸೋಲ್ಡರ್ ಹಿಡಿಸಿ, ಆಮೇಲೆ ಬೋರ್ಡಿಗೆ ಹಾಕುವುದು ಕ್ಷೇಮ. ಬೆಸೆದ ಮೇಲೆ ಮಲ್ಟಿಮೀಟರಿನ ಕಡ್ಡಿಯನ್ನು ತಂತಿಗೆ ಇಡಬೇಡಿ. ಆ ಪ್ಯಾಡಿನಿಂದ ಮುಂದೆ ಹೋಗುವ ಬಿಡಿಭಾಗದ ಕಾಲಿಗೆ ಇಟ್ಟು ನೋಡಿ.

ಟಿ1 ಅನ್ನುವ ಟ್ರಾನ್ಸ್‌ಫಾರ್ಮರಿನಲ್ಲಿ ನಾಲ್ಕು ಸುರುಳಿಗಳಿವೆ, ಮೂರು ಗಿಡ್ಡ, ಒಂದು ಉದ್ದ. ನಾಲ್ಕೂ ಒಂದೇ ದಿಕ್ಕಿಗೆ ಹೋಗಬೇಕು. ರಿಸೀವರ್ ಕಿವುಡಾಗಿದ್ದರೆ ಅನುಮಾನ ಮೊದಲು ಇದರ ಮೇಲೆಯೇ ಬರಬೇಕು. ಪತ್ತೆಹಚ್ಚಲು ಹೊರಗಿನ ಉಪಕರಣ ಬೇಕಿಲ್ಲ, ಸೆಟ್‌ನೊಳಗೇ ಪರೀಕ್ಷೆಯ ಸಿಗ್ನಲ್ ಹುಟ್ಟಿಸುವ ಮೆನು ಇದೆ. ಬ್ಯಾಂಡ್‌ಪಾಸ್ ಟ್ರಿಮ್ಮರನ್ನು (ಬೇಕಾದ ಬ್ಯಾಂಡನ್ನಷ್ಟೇ ಒಳಬಿಡುವ ಫಿಲ್ಟರಿನ, ತಿರುಗಿಸಿ ಹೊಂದಿಸುವ ಕೆಪಾಸಿಟರನ್ನು) ನಿಧಾನಕ್ಕೆ ಒಂದು ಪೂರ್ತಿ ಸುತ್ತು ತಿರುಗಿಸಿದರೆ ಡಿಸ್‌ಪ್ಲೇಯ ಪಟ್ಟಿ ಎರಡು ಸಲ ಏರಬೇಕು. ಒಂದೇ ಸಲ ಏರಿದರೆ ಟ್ರಿಮ್ಮರ್ ತನ್ನ ಮಿತಿಗೆ ಹೋಗಿ ನಿಂತಿದೆ ಎಂದರ್ಥ. ಗರಿಷ್ಠ ಕೆಪಾಸಿಟೆನ್ಸಿನಲ್ಲಿ ನಿಂತಿದ್ದರೆ ಉದ್ದ ಸುರುಳಿಗೆ ಇನ್ನೊಂದೆರಡು ಸುತ್ತು ಸೇರಿಸಬೇಕು, ಕನಿಷ್ಠದಲ್ಲಿ ನಿಂತಿದ್ದರೆ ಬಿಚ್ಚಬೇಕು. ಬಿಚ್ಚುವುದು ಸುಲಭ, ಸೇರಿಸುವುದು ರಗಳೆ. ಹಾಗಾಗಿ ಮೊದಲೇ ಒಂದು ಸುತ್ತು ಹೆಚ್ಚು ಹಾಕಿಟ್ಟರೆ ನಷ್ಟವಿಲ್ಲ.

ಹೊರಬರುವ ಶಕ್ತಿ ಕಡಿಮೆ ಅನ್ನುವ ದೂರು ಆಗಾಗ ಕೇಳಿಬರುತ್ತದೆ. 12 ವೋಲ್ಟಿಗೆ 3 ವ್ಯಾಟಿಗಿಂತ ಕೆಳಗಿದ್ದರೆ ಟ್ರಾನ್ಸಿಸ್ಟರ್ ಬದಲಿಸಲು ಓಡಬೇಡಿ, ಲೋಪಾಸ್ ಫಿಲ್ಟರಿನ (ಬೇಡದ ಮೇಲಿನ ಆವರ್ತನಗಳನ್ನು ತಡೆಯುವ ಭಾಗದ) ಕಾಯಿಲ್‌ಗಳ ಸುತ್ತುಗಳನ್ನು ಉಗುರಿನಿಂದ ಸ್ವಲ್ಪ ಅಗಲಿಸಿ ನೋಡಿ. ಉದಾಹರಣೆಗೆ, ಕೆಂಪು ಟಿ37-2 ಟೊರಾಯ್ಡಿನಲ್ಲಿ 20 ಸುತ್ತಿಗೆ ಸುಮಾರು 1.6 ಮೈಕ್ರೊಹೆನ್ರಿ, 21ಕ್ಕೆ 1.76. ಒಂದು ಸುತ್ತಿನ ಲೆಕ್ಕ ತಪ್ಪಿದರೆ ಹತ್ತು ಶೇಕಡ ವ್ಯತ್ಯಾಸ. ತಂತಿ ರಂಧ್ರದೊಳಗೆ ಹಾದುಹೋದ ಪ್ರತಿ ಸಲವೂ ಒಂದು ಸುತ್ತೇ. ಹೊರಗಿನಿಂದ ಎಣಿಸಿದವರು ಒಂದನ್ನು ತಪ್ಪುತ್ತಾರೆ. ಅಳೆಯುವಾಗ ಆಂಟೆನಾ ಬೇಡ, ಅದರ ಬದಲಿಗೆ ಶಕ್ತಿಯನ್ನು ನುಂಗುವ ಡಮ್ಮಿ ಲೋಡ್ ಇರಲಿ. 1 ಕಿಲೊಓಮ್, ಕಾಲು ವ್ಯಾಟಿನ 20 ರೆಸಿಸ್ಟರ್‌ಗಳನ್ನು ಸಮಾಂತರವಾಗಿ ಬೆಸೆದರೆ 50 ಓಮ್, 5 ವ್ಯಾಟ್ ಸಿದ್ಧ.

ಇನ್ನು ಈ ಸೆಟ್‌ನ ನಿಜವಾದ ನಾಜೂಕು ಜಾಗ: ಕೊನೆಯ ಹಂತದ ಮೂರು ಬಿಎಸ್170 ಟ್ರಾನ್ಸಿಸ್ಟರು. ಇದು ಕ್ಲಾಸ್ ಇ. ಟ್ರಾನ್ಸಿಸ್ಟರ್ ಬರೀ ಸ್ವಿಚ್ಚಿನ ಕೆಲಸ ಮಾಡುವುದರಿಂದ ಹೀಟ್‌ಸಿಂಕ್ ಇಲ್ಲದೆ 5 ವ್ಯಾಟ್ ಬರುತ್ತದೆ. ಅದಕ್ಕೆ ಕೊಡುವ ಬೆಲೆಯೆಂದರೆ, ಡ್ರೈನ್ (ಟ್ರಾನ್ಸಿಸ್ಟರಿನ ಒಂದು ಕಾಲು) ಮೇಲಿನ ವೋಲ್ಟೇಜು ಸಪ್ಲೈಯ ಮೂರೂವರೆ ಪಟ್ಟಿಗೆ ಏರುತ್ತದೆ. 12 ವೋಲ್ಟಿಗೆ ಅದು ಸುಮಾರು 43, 13.8ಕ್ಕೆ 49. ಬಿಎಸ್170ರ ಮಿತಿ 60. ಅದೂ 50 ಓಮ್ ಲೋಡ್ ಸರಿಯಾಗಿದ್ದಾಗಿನ ಲೆಕ್ಕ. ಆಂಟೆನಾ ಕಳಚಿದ್ದು ಗೊತ್ತಾಗದೆ ಕೀ ಒತ್ತಿದರೆ ಈ ಅಂತರ ಎಲ್ಲಿ ಉಳಿದೀತು? ಒಂದು ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಅದಕ್ಕೆ ವಿದ್ಯುತ್ ಕೊಡುವ ಕೀಯಿಂಗ್ ಟ್ರಾನ್ಸಿಸ್ಟರನ್ನೂ ಜೊತೆಗೆ ಕರೆದೊಯ್ಯಬಹುದು. ಬದಲಿಸುವಾಗ ಮೂರನ್ನೂ ಒಟ್ಟಿಗೆ ಬದಲಿಸಿ. ಅವುಗಳನ್ನು ಬೋರ್ಡಿಗೆ ಒತ್ತಿ ಹಿಡಿಯುವ ವಾಷರು ಮತ್ತು ಸ್ಕ್ರೂ ಸಡಿಲವಾದರೆ ಶಾಖ ಹೋಗಲು ದಾರಿಯಿಲ್ಲ. ವರ್ಷಕ್ಕೊಮ್ಮೆ ಬಿಗಿ ನೋಡುವುದು ಒಳ್ಳೆಯದು.

ಟ್ಯೂನರ್ (ಆಂಟೆನಾವನ್ನು ಸೆಟ್ಟಿಗೆ ಹೊಂದಿಸುವ ಪೆಟ್ಟಿಗೆ) ಬಳಸುವವರು ರೆಸಿಸ್ಟರ್ ಬ್ರಿಜ್ ಇರುವಂಥದ್ದನ್ನೇ ಆರಿಸಿಕೊಳ್ಳಿ. ಆಗ ಆಂಟೆನಾ ಎಷ್ಟೇ ಕೆಟ್ಟದಾಗಿದ್ದರೂ ಟ್ಯೂನ್ ಮಾಡುವಾಗ ಸೆಟ್ಟಿಗೆ ಕಾಣುವ ಎಸ್‌ಡಬ್ಲ್ಯೂಆರ್ (ಹೊಂದಾಣಿಕೆ ಎಷ್ಟು ಕೆಟ್ಟಿದೆ ಅನ್ನುವ ಅಳತೆ, 1 ಅಂದರೆ ಪೂರ್ತಿ ಸರಿ) 2 ದಾಟುವುದಿಲ್ಲ. ಸಪ್ಲೈಯನ್ನು 12 ವೋಲ್ಟಿನ ಆಸುಪಾಸಿನಲ್ಲೇ ಇಟ್ಟರೆ ಬದಲಿಸಲೆಂದು ತಂದಿಟ್ಟ ಬಿಎಸ್170 ಡಬ್ಬಿಯಲ್ಲೇ ಹಳೆಯದಾಗುತ್ತದೆ.

ಬ್ಯಾಟರಿ ವಿಷಯಕ್ಕೆ ಬಂದರೆ ಮೂರು 18650 ಲಿಥಿಯಂ ಸೆಲ್ ಸಾಲಾಗಿ ಜೋಡಿಸಿದ ಪ್ಯಾಕ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ತುಂಬಿದಾಗ 12.6 ವೋಲ್ಟ್. ಕೇಳುವಾಗ ಎಳೆಯುವುದು 0.1 ಆಂಪಿಯರಿನ ಸುತ್ತಮುತ್ತ, ಬ್ಯಾಕ್‌ಲೈಟ್ ಆರಿಸಿದರೆ ಇನ್ನೂ ಕಡಿಮೆ. ಕೀ ಒತ್ತಿದಾಗ ಅರ್ಧ ಆಂಪಿಯರಿಗೆ ತುಸು ಮೇಲೆ. 2.5 ಆಂಪಿಯರ್-ಅವರ್ ಸೆಲ್‌ಗಳಲ್ಲಿ ಮೂರನೇ ಒಂದು ಪಾಲು ಕಳಿಸುತ್ತ, ಉಳಿದದ್ದು ಕೇಳುತ್ತ ಹೋದರೆ ಹತ್ತು ಗಂಟೆ ಆರಾಮವಾಗಿ ದಾಟುತ್ತದೆ. ಪ್ಯಾಕ್ 9 ವೋಲ್ಟಿಗೆ ಇಳಿದಾಗ ಶಕ್ತಿ ಸರಿಸುಮಾರು ಅರ್ಧವಾಗಿರುತ್ತದೆ. ಆದರೆ ಆಚೆ ಕೇಳುವವರಿಗೆ ಅದು 3 ಡೆಸಿಬೆಲ್, ಸಿಗ್ನಲ್ಲಿನ ಬಲ ತೋರಿಸುವ ಎಸ್-ಮೀಟರಿನಲ್ಲಿ ಅರ್ಧ ಅಂಕ. ಗೋಡೆಗೆ ಚುಚ್ಚುವ ಸ್ವಿಚಿಂಗ್ ಅಡಾಪ್ಟರ್ ಮಾತ್ರ ಬೇಡವೇ ಬೇಡ. ಇಂಥ ನೇರ ಪರಿವರ್ತನೆಯ ರಿಸೀವರಿಗೆ ಅದು ಗುಂಯ್‌ಗುಡುವ ಸದ್ದನ್ನು ನೇರ ಕಿವಿಗೆ ತಂದು ಸುರಿಯುತ್ತದೆ, ಸಣ್ಣ ಸಿಗ್ನಲ್ ಅದರಲ್ಲೇ ಮುಳುಗುತ್ತದೆ.

ರಿಸೀವರಿನ ಬಗ್ಗೆ ದೂರಿಲ್ಲ. 200 ಹರ್ಟ್ಸ್ ಫಿಲ್ಟರ್, 700 ಹರ್ಟ್ಸ್ ಸ್ವರ. ಪಕ್ಕದ ಸ್ಟೇಷನ್ ಎಷ್ಟೇ ಗದ್ದಲ ಮಾಡಿದರೂ ಬೇಕಾದ ಮೋರ್ಸ್ ಬಿಡಿಬಿಡಿಯಾಗಿ ಕೇಳುತ್ತದೆ. ಐ-ಕ್ಯೂ (ರಿಸೀವರಿನ ಜೋಡಿ ದಾರಿಗಳ ಸಮತೋಲ) ಮತ್ತು ಫೇಸ್ ಹೊಂದಿಸುವ ಟ್ರಿಮ್ಮರ್‌ಗಳನ್ನು ಒಂದಾದ ಮೇಲೊಂದು ಎರಡು ಮೂರು ಸುತ್ತು ತಿದ್ದಿದರೆ ಆಚೆ ಬದಿಯ ಬೇಡದ ಪ್ರತಿಬಿಂಬ ಸಿಗ್ನಲ್ಲೂ ಕಾಣೆಯಾಗುತ್ತದೆ. ಮೂಲ ಬೋರ್ಡಿನಲ್ಲಿ ಎಜಿಸಿ (ಜೋರು ಸಿಗ್ನಲ್ಲಿಗೆ ಸದ್ದನ್ನು ತಾನೇ ತಗ್ಗಿಸುವ ವ್ಯವಸ್ಥೆ) ಇಲ್ಲದಿರುವುದು ಮಾತ್ರ ಕಿವಿಗೆ ಅಪಾಯ. ಪಿಸುಮಾತಿಗೆ ವಾಲ್ಯೂಮ್ ಏರಿಸಿ ಕೂತಾಗ ಹತ್ತಿರದ 100 ವ್ಯಾಟಿನವರು ಎದ್ದರೆ ಇಯರ್‌ಫೋನ್ ಕಿತ್ತೆಸೆಯಬೇಕಾಗುತ್ತದೆ. ತೆರೆಯ ಮೇಲೆ ಮೋರ್ಸ್ ಓದಿ ಹೇಳುವ ಸೌಲಭ್ಯ ಗಟ್ಟಿ ಸಿಗ್ನಲ್, ಕಳಿಸುವವರ ನೀಟಾದ ಹೊಡೆತ ಇದ್ದರೆ ಸರಿ. ಇಲ್ಲವಾದರೆ ತಮಾಷೆಗೆ ನೋಡಬಹುದು. ಚುಕ್ಕೆ ಗೆರೆಗಳನ್ನು ತಾನೇ ಹುಟ್ಟಿಸುವ ಕೀಯರ್, ಕೇಳುವ ಆವರ್ತನವನ್ನಷ್ಟೇ ತುಸು ಸರಿಸುವ ಆರ್‌ಐಟಿ, ಸಂದೇಶದ ಮೆಮೊರಿ ಎಲ್ಲ ಇವೆ, ಕೈಕೊಡುವುದಿಲ್ಲ.

ತುದಿಯಿಂದ ಫೀಡ್ ಮಾಡುವ ಅರ್ಧ ತರಂಗದ 20 ಮೀಟರ್ ತಂತಿ ಕಟ್ಟಿದಾಗ ಪ್ಯಾಡಲ್ (ಮೋರ್ಸ್ ಹೊಡೆಯುವ ಕೀ) ತಾನೇ ಚುಕ್ಕೆ ಹೊಡೆಯತೊಡಗಿದರೆ ಸೆಟ್ ಕೆಟ್ಟಿಲ್ಲ. ಕೊಆಕ್ಸಿನ (ಆಂಟೆನಾ ಕೇಬಲ್ಲಿನ) ಹೊರಮೈಯಲ್ಲಿ ರೇಡಿಯೊ ಶಕ್ತಿ, ಅಂದರೆ ಆರ್‌ಎಫ್ ವಾಪಸ್ ಬರುತ್ತಿದೆ. ತೆಳು ಕೊಆಕ್ಸನ್ನು 43 ಮಿಶ್ರಣದ ಫೆರೈಟ್ ಬಳೆಗೆ ಎಂಟು ಹತ್ತು ಸುತ್ತು ಹಾಕಿ ಸೆಟ್‌ನ ಬಳಿ ಇಟ್ಟರೆ ಸಾಮಾನ್ಯವಾಗಿ ನಿಲ್ಲುತ್ತದೆ.

100 ವ್ಯಾಟಿಗೂ 5 ವ್ಯಾಟಿಗೂ ಇರುವುದು 13 ಡೆಸಿಬೆಲ್, ಎರಡು ಎಸ್ ಅಂಕಕ್ಕೆ ತುಸು ಹೆಚ್ಚು. ಆಂಟೆನಾ ತಂತಿ ಎತ್ತರದಲ್ಲಿದ್ದರೆ 7.030 ಮೆಗಾಹರ್ಟ್ಸ್ ಸುತ್ತ ಕರೆದಾಗ ಉತ್ತರ ಬರುತ್ತದೆ. ಬ್ಯಾಂಡ್ ತುಂಬಿದ ಸ್ಪರ್ಧೆಯ ದಿನ ಮಾತ್ರ ನೀವೇ ಕರೆಯುತ್ತ ಕೂರಬೇಡಿ. ಕರೆಯುತ್ತಿರುವವರನ್ನು ಹುಡುಕಿ, ಅವರು ಬೇರೆಯವರನ್ನು ಮುಗಿಸಿದ ಕ್ಷಣ ಕಾಲ್‌ಸೈನ್ ಒಂದು ಸಲ ಹೊಡೆಯಿರಿ.