ಗಂಟು ಮರದ ಹಿಡಿ ಹಾಕಿಸಿದ ಚಾಕು: ಖಾನಾವಳಿಯಲ್ಲಿ 3 ವರ್ಷ 4 ತಿಂಗಳು

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಖಾನಾವಳಿ ಇದೆ. ದಿನಕ್ಕೆ 8-10 ಕಿಲೋ ಈರುಳ್ಳಿ ಹೆಚ್ಚಬೇಕು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನಾನೇ ಹೆಚ್ಚುತ್ತೇನೆ, ಅದೂ ಒಂದೇ ಚಾಕುವಿನಲ್ಲಿ. ಅದರ ಅಲಗು ಅಪ್ಪ ಹೊಳಲ್ಕೆರೆ ಕಡೆಯ ಕಮ್ಮಾರರಿಂದ ಲಾರಿಯ ಸ್ಪ್ರಿಂಗ್ ಪಟ್ಟಿ ಬಡಿಸಿ ಮಾಡಿಸಿದ್ದು. 8 ಇಂಚಿನ ಅಲಗು. ಅದಕ್ಕಿದ್ದ ಜಾಲಿ ಹಿಡಿ ಸವೆದು ಅಲ್ಲಾಡತೊಡಗಿದಾಗ ಹೊಸ ಹಿಡಿಯ ಯೋಚನೆ ಬಂತು.

ಗಂಟು ಮರದ ಹಿಡಿ ಎರಡು ಸಲ ಹಾಕಿಸಿದೆ, ಈಗ ಇರುವುದು ಎರಡನೆಯದು. ಮೊದಲು ಹಾಕಿಸಿದ್ದು ನಮ್ಮ ಮರದ್ದೇ. ಸೋದರಮಾವನ ಹೊಲದ ಹುಣಸೆ ಮರ ಗಾಳಿಗೆ ಬಿದ್ದಿತ್ತು. ಕಾಂಡದ ಮೇಲೆ ದೊಡ್ಡ ಗಂಟು. ಕೊಂಬೆ ಹುಟ್ಟುವ ಕಡೆ ಇರುವ ಗಂಟಲ್ಲ ಇದು, ಮರದ ಮೈಯೇ ಬೋರೆಯಂತೆ ಊದಿಕೊಂಡಿರುತ್ತಲ್ಲ, ಅದು. ಪೆಟ್ಟು ಬಿದ್ದಾಗ, ಹುಳ ಹತ್ತಿದಾಗ, ಚಿಗುರಬೇಕಾದ ಮೊಗ್ಗುಗಳು ಒಂದೇ ಕಡೆ ಗುಂಪಾಗಿ ಉಳಿದಾಗ ಹೀಗಾಗುತ್ತದೆ. ಬರ್ಲ್ ಅಂತ ಮಾರುವುದು ಇದನ್ನೇ. ಕೊಯ್ದ ದಿನ ನಾನು ಅಲ್ಲೇ ಇದ್ದೆ. ಒಳಗೆ ಎಳೆ ಒಂದೂ ನೇರ ಇರಲಿಲ್ಲ. ನೀರಿನ ಸುಳಿಯ ಹಾಗೆ ತಿರುಗಿತ್ತು, ನಡುನಡುವೆ ಸಣ್ಣ ಸಣ್ಣ ಕಣ್ಣು. ಇದನ್ನು ಕೈಯಲ್ಲಿ ಹಿಡಿಯಲೇಬೇಕು ಅನ್ನಿಸಿತು.

ಹಿಡಿ ಕೂರಿಸಲು ಕೊಟ್ಟಾಗ ಬಡಗಿ ಅಣ್ಣ ಹೇಳಿದ್ದರು, "ಅಕ್ಕಾರೆ, ಇದಕ್ಕೆ ಉಳಿ ಹಚ್ಚಿದ್ರೆ ಚಕ್ಕೆ ಎದ್ದು ಬರ್ತತಿ. ಇನ್ನೂ ಹಸಿ ಐತಿ, ಒಂದೆರಡು ವರ್ಷ ಬಿಡ್ರಿ." ನಾನು ಕೇಳಲಿಲ್ಲ. ನಾಲ್ಕು ತಿಂಗಳಷ್ಟೇ ಒಣಗಿದ ಮರದಲ್ಲೇ ಹಿಡಿ ಮಾಡಿಸಿದೆ. ಅವರು ಉಳಿ ಬಿಟ್ಟು ಅರದಲ್ಲೇ ಉಜ್ಜಿ ಕೊಟ್ಟರು.

ಮಳೆಗಾಲ ಚೆನ್ನಾಗಿಯೇ ಕಳೆಯಿತು. ಶಿವರಾತ್ರಿ ದಾಟಿ ಬಿಸಿಲು ಏರಿದ ಮೇಲೆ ಹಿತ್ತಾಳೆ ಪಿನ್ನಿನ ಪಕ್ಕದಲ್ಲಿ ಬಿರುಕು ಬಿಟ್ಟಿತು. ಕಬ್ಬಿಣಕ್ಕೂ ಮರಕ್ಕೂ ನಡುವೆ ಉಗುರು ತೂರುವಷ್ಟು ಸಂದು. ಮರ ತೇವ ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ, ಉಕ್ಕು ಹಾಗೆ ಮಾಡುವುದಿಲ್ಲ. ಅದರಲ್ಲೂ ಗಂಟು ಮರದಲ್ಲಿ ಎಳೆ ದಿಕ್ಕಿಗೊಂದು ಹೋಗುವುದರಿಂದ ಒಂದೊಂದು ಜಾಗ ಒಂದೊಂದು ರೀತಿ ಕುಗ್ಗುತ್ತದೆ. ಅರಿಶಿನ ಹೀರಿ ಹಳದಿಯಾಗಿತ್ತು, ಅಲಗಿನ ಕಡೆ ಕಪ್ಪಗಾಗಿತ್ತು. ಸಂದಿನಲ್ಲಿ ಈರುಳ್ಳಿ ರಸ ನಿಂತು ವಾಸನೆ. ಊಟಕ್ಕೆ ಬರುವವರಿಗೆ ಅಂಥ ಚಾಕುವಿನಲ್ಲಿ ಹೆಚ್ಚಿ ಬಡಿಸಲು ಮನಸ್ಸು ಒಪ್ಪಲಿಲ್ಲ. ತೆಗೆಸಿದೆ.

ಈ ವಿಮರ್ಶೆ ಅದಾದ ಮೇಲೆ ಹಾಕಿಸಿದ ಹಿಡಿಯದು. ಆನ್‌ಲೈನಿನಲ್ಲಿ ತರಿಸಿದ, ಸ್ಟೆಬಿಲೈಸ್ ಮಾಡಿದ ಮೇಪಲ್ ಅನ್ನುವ ವಿದೇಶಿ ಮರದ ಬರ್ಲ್. ಹಿಡಿಯ ಎರಡು ಬದಿಗೆ ಕೂರುವ ಎರಡು ಪಕ್ಕೆಯ ಒಂದು ಜೊತೆಗೆ 2,800 ರೂಪಾಯಿ ಕೊಟ್ಟೆ. ಅಂಬೊಯ್ನಾ ಬರ್ಲ್ ಕೂಡ ಇತ್ತು, ನಮ್ಮ ಹೊನ್ನೆ ಮರದ ಹತ್ತಿರದ ನೆಂಟ, ಕೆಂಪು ಬಣ್ಣ ನೋಡಿ ಆಸೆಯಾಯಿತು. ಬೆಲೆ ಕೈಗೆ ಎಟುಕಲಿಲ್ಲ.

ಸ್ಟೆಬಿಲೈಸ್ ಮಾಡುವುದು ಅಂದರೆ ಮೇಲೆ ಪಾಲಿಶ್ ಹಚ್ಚುವುದಲ್ಲ. ಮರವನ್ನು ಓವನ್ನಿನಲ್ಲಿ ಪೂರ್ತಿ ಒಣಗಿಸಿ, ಶಾಖಕ್ಕೆ ಗಟ್ಟಿಯಾಗುವ ತೆಳ್ಳನೆಯ ದ್ರವದಲ್ಲಿ, ಅಂದರೆ ರೆಸಿನ್‌ನಲ್ಲಿ ಮುಳುಗಿಸಿ, ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ ಎಳೆಯುತ್ತಾರೆ. ಗುಳ್ಳೆ ಬರುವುದು ನಿಂತ ಮೇಲೆ ಪಂಪು ನಿಲ್ಲಿಸಿದರೆ ಗಾಳಿ ಇದ್ದ ಜಾಗಕ್ಕೆ ರೆಸಿನ್ ನುಗ್ಗುತ್ತದೆ. ಆಮೇಲೆ ಸುಮಾರು 90 ಡಿಗ್ರಿ ಶಾಖದಲ್ಲಿಟ್ಟರೆ ಒಳಗೇ ಗಟ್ಟಿಯಾಗುತ್ತದೆ. ಮನೆಯಲ್ಲಿ ಅರಾಲ್ಡೈಟ್ ಸವರಿದರೆ ಇದೇ ಕೆಲಸ ಆಗಲ್ವಾ ಅಂತ ಕೆಲವರು ಕೇಳಿದರು. ಆಗುವುದಿಲ್ಲ. ಅದು ಮಂದ, ಒಳಗೆ ಇಳಿಯುವುದಿಲ್ಲ.

ಮೂರು ಬೇಸಿಗೆ, ಮೂರು ಮಳೆಗಾಲ ಆಯಿತು. ಬಿರುಕಿಲ್ಲ, ಪಿನ್ನು ಮೇಲೆದ್ದಿಲ್ಲ, ಸಂದು ಬಿಟ್ಟಿಲ್ಲ. ಅರಿಶಿನದ ಕೈಯಲ್ಲಿ ಹಿಡಿದರೂ ಸೋಪಿನಲ್ಲಿ ತೊಳೆದರೆ ಬಣ್ಣ ಹೋಗುತ್ತದೆ. ಬೆಳಗಿನ ಬಿಸಿಲು ಅಡುಗೆಮನೆ ಕಿಟಕಿಯಿಂದ ಬೀಳುವಾಗ ಆ ಸುಳಿಗಳು ಇನ್ನೂ ಜೇನಿನ ಹಾಗೆ ಹೊಳೆಯುತ್ತವೆ. ಬಡಿಸಲು ಬರುವ ಹುಡುಗಿಯರು ಈಗಲೂ ಕೈಗೆತ್ತಿಕೊಂಡು ನೋಡುತ್ತಾರೆ.

ಆದರೆ ತೊಂದರೆಗಳೂ ಇವೆ. ಬಂದ ಜೊತೆಯಲ್ಲಿ ಒಂದು ಪಕ್ಕೆಯನ್ನು ಉಜ್ಜುತ್ತಿದ್ದಂತೆ ಒಳಗೆ ಕಡಲೆಬೇಳೆಯಷ್ಟು ಪೊಳ್ಳು ಕಾಣಿಸಿತು. ಮಾರಿದವರಿಗೆ ಫೋಟೋ ಕಳಿಸಿದೆ. ಕೊಯ್ದ ಮೇಲೆ ವಾಪಸ್ ಇಲ್ಲ ಅಂದರು. ಗಂಟು ಮರದಲ್ಲಿ ಪೊಳ್ಳು ಇರುವುದು ಸಹಜ ಅಂತ ಗೊತ್ತು, ಅದನ್ನು ಮೊದಲೇ ಹೇಳಿ ಮಾರಬೇಕಿತ್ತು. ರೆಸಿನ್ ಸಣ್ಣ ರಂಧ್ರ ತುಂಬುತ್ತದೆಯೇ ಹೊರತು ಇಂಥ ದೊಡ್ಡ ಪೊಳ್ಳು ತುಂಬುವುದಿಲ್ಲ. ಬಡಗಿ ಅಣ್ಣ ಅದೇ ಮರದ ಪುಡಿಗೆ ಸೂಪರ್ ಗ್ಲೂ ಸೇರಿಸಿ ತುಂಬಿದರು. ಈಗ ಹುಡುಕಿದರೂ ಆ ಜಾಗ ಸಿಗುವುದಿಲ್ಲ.

ಇನ್ನೊಂದು, ಜಾರುವುದು. ನಾನೇ ಆಸೆಪಟ್ಟು 2000 ನಂಬರ್ ಉಜ್ಜುವ ಪೇಪರಿನವರೆಗೆ (ನಂಬರ್ ಹೆಚ್ಚಾದಷ್ಟೂ ನುಣುಪು) ತೀಡಿಸಿ ಗಾಜಿನಂತೆ ಹೊಳೆಯಿಸಿದ್ದೆ. ಎರಡನೇ ವಾರ ಬೆಣ್ಣೆ ಮುಟ್ಟಿದ ಕೈಯಲ್ಲಿ ಕುಂಬಳಕಾಯಿ ಹೆಚ್ಚುವಾಗ ಚಾಕು ತಿರುಗಿ ಬೆರಳು ಕೊಯ್ದಿತು. ಎರಡು ಹೊಲಿಗೆ. ಅವತ್ತೇ ಸಂಜೆ 400 ನಂಬರ್ ಪೇಪರಿನಲ್ಲಿ ಮತ್ತೆ ಉಜ್ಜಿಸಿದೆ. ಹೊಳಪು ಕಡಿಮೆಯಾಯಿತು, ಹಿಡಿತ ಬಂತು. ಕೆಲಸದ ಚಾಕುವಿಗೆ 400ರಲ್ಲೇ ನಿಲ್ಲಿಸಿ, ದಯವಿಟ್ಟು. ರೆಸಿನ್‌ನಿಂದ ತೂಕವೂ ಜಾಸ್ತಿ. ಹಿಂದಿನ ಹಿಡಿಗಿಂತ ಭಾರ ಕೈ ಕಡೆಗೆ ಬಂದಿದೆ, ಒಗ್ಗಿಕೊಳ್ಳಲು ತಿಂಗಳು ಬೇಕಾಯಿತು.

ಹಾಕಿಸುವವರು ಅಂಟಿನ ವಿಷಯದಲ್ಲಿ ಅವಸರ ಮಾಡಬೇಡಿ. 5 ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ (ಅರಾಲ್ಡೈಟ್ ತರಹದ ಅಂಟು) ನೀರಿಗೆ ಅಷ್ಟು ತಡೆಯುವುದಿಲ್ಲ, ನಿಧಾನಕ್ಕೆ ಗಟ್ಟಿಯಾಗುವುದನ್ನೇ ತನ್ನಿ. ಉಕ್ಕನ್ನೂ ಮರವನ್ನೂ ಒರಟು ಪೇಪರಿನಲ್ಲಿ ಗೀರಿ, ಎಣ್ಣೆ ಪಸೆ ಒರೆಸಿ ಅಂಟಿಸಬೇಕು. ಅಂಟು ಹಿಡಿಯುವ ತನಕ ಒತ್ತಿಡುವ ಕ್ಲಾಂಪ್ ಬಿಗಿ ಮಾಡಿದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ, ಅಂಟೆಲ್ಲ ಹೊರಗೆ ಹಿಂಡಿಹೋಗುತ್ತದೆ. ಉಜ್ಜುವಾಗ ಮಾಸ್ಕ್ ಬೇಕೇ ಬೇಕು, ಆ ಪುಡಿ ಎದೆಗೆ ಒಳ್ಳೆಯದಲ್ಲ. ರೊಟ್ಟಿ ಹಂಚಿನ ಪಕ್ಕ ಚಾಕು ಇಡುವುದನ್ನೂ ಬಿಟ್ಟಿದ್ದೇನೆ, ಶಾಖಕ್ಕೆ ಅಂಟು ಸಡಿಲ ಆಗುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಆ ಪೊಳ್ಳಿಗೆ.

ಹುಣಸೆಯ ಗಂಟಿನಲ್ಲಿ ಉಳಿದ ತುಂಡು ಅಟ್ಟದ ಮೇಲಿದೆ. ಸುತ್ತ ಮೇಣ ಸವರಿಟ್ಟು ತಿಂಗಳಿಗೊಮ್ಮೆ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಹೋದ ತಿಂಗಳು 1,340 ಗ್ರಾಂ, ಈ ತಿಂಗಳೂ ಅಷ್ಟೇ. ಇನ್ನೆರಡು ತಿಂಗಳು ತೂಕ ಇಳಿಯದಿದ್ದರೆ ಒಣಗಿದೆ ಅಂತ ಲೆಕ್ಕ, ಆಗ ರೆಸಿನ್ ತುಂಬಿಸಲು ಕಳಿಸುತ್ತೇನೆ. ಮಾವನಿಗೂ ಒಂದು ಹಿಡಿ ಆಗುವಷ್ಟು ಮರ ಅದರಲ್ಲಿದೆ.