ಡಬ್ಬಿ ಮೇಲೆ ಎಂಪಿಪಿಟಿ ಅಂತ ಬರೆದಿದ್ದರೆ ನಂಬಬೇಡಿ

ಹಳೇ ಸೋಲಾರ್‌ಗೆ ಹೊಸ ಪ್ಯಾನೆಲ್ ಸೇರಿಸುವವರು ಪೂರ್ತಿ ದುಡ್ಡು ಕೊಡುವ ಮೊದಲು ಚಾರ್ಜ್ ಕಂಟ್ರೋಲರ್ (ಪ್ಯಾನೆಲಿನ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ಬಿಡುವ ಡಬ್ಬಿ) ಪರೀಕ್ಷೆ ಮಾಡಿಸಿಕೊಳ್ಳಿ. ರಾಯಚೂರಿನ ಒಂದು ಅಂಗಡಿಯವರು ಎಂಪಿಪಿಟಿ, ಅಂದರೆ ಪ್ಯಾನೆಲಿನ ಪೂರ್ತಿ ಶಕ್ತಿ ಹೀರಿಕೊಳ್ಳುವ ಕಂಟ್ರೋಲರ್ ಅಂತ ಹೇಳಿ ನನಗೆ ದಾಟಿಸಿದ್ದು ಸಾದಾ ಪಿಡಬ್ಲ್ಯೂಎಂ ಡಬ್ಬಿ, ಬರೀ ಸ್ವಿಚ್ಚಿನಂತೆ ಕರೆಂಟ್ ಬಿಟ್ಟು ತಡೆಯುವಂಥದ್ದು. ಅಂಗಡಿ ಹೆಸರು ಬರೆಯುವುದಿಲ್ಲ. ಇಂಥ ಡಬ್ಬಿ ಅವರೊಬ್ಬರ ಹತ್ತಿರವೇ ಇರುವುದಲ್ಲ.

ಮಾಳಿಗೆ ಮೇಲಿನ ಕೋಣೆಯಲ್ಲಿ ನನ್ನ ಎಲೆಕ್ಟ್ರಾನಿಕ್ಸ್ ಹುಚ್ಚು ನಡೆಯುತ್ತದೆ: ಸೋಲ್ಡರಿಂಗ್ ಸ್ಟೇಷನ್, ಆಸಿಲೋಸ್ಕೋಪ್, ಪವರ್ ಸಪ್ಲೈ. 1720 ಮೆಗಾವ್ಯಾಟ್‌ನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಇಲ್ಲೇ ಮಗ್ಗುಲಲ್ಲಿದ್ದರೂ ಬೇಸಿಗೆಯಲ್ಲಿ ಕರೆಂಟಿನ ಭರವಸೆ ಇಲ್ಲ. ಮೊದಲೇ ಇದ್ದ 12 ವೋಲ್ಟಿನ ಸಣ್ಣ ಪ್ಯಾನೆಲ್, 150 ಎಎಚ್ ಟ್ಯೂಬುಲರ್ ಬ್ಯಾಟರಿ ಸಾಲದೆ, 330 ವ್ಯಾಟಿನ ಪ್ಯಾನೆಲ್, ಅದಕ್ಕೊಂದು ಎಂಪಿಪಿಟಿ ಕಂಟ್ರೋಲರ್, ಇನ್ನೊಂದು ಬ್ಯಾಟರಿ ಹಾಕಿಸಿದೆ.

330 ವ್ಯಾಟಿನ 72 ಸೆಲ್ ಪ್ಯಾನೆಲ್ ಪೂರ್ತಿ ಶಕ್ತಿ ಕೊಡುವುದು ಸುಮಾರು 37 ವೋಲ್ಟ್, 9 ಆಂಪಿಯರ್‌ನಲ್ಲಿ. ನಿಜವಾದ ಎಂಪಿಪಿಟಿ ಆ ವೋಲ್ಟೇಜನ್ನು ಇಳಿಸಿ, ಬದಲಿಗೆ ಆಂಪಿಯರ್ ಏರಿಸಿ ಬ್ಯಾಟರಿಗೆ ಕೊಡುತ್ತದೆ. ಪಿಡಬ್ಲ್ಯೂಎಂಗೆ ಆ ಕೆಲಸ ಬರುವುದಿಲ್ಲ. ಅದು ಪ್ಯಾನೆಲನ್ನೇ ಬ್ಯಾಟರಿಯ ವೋಲ್ಟೇಜಿಗೆ ಎಳೆದು ತರುತ್ತದೆ. ಮಟಮಟ ಮಧ್ಯಾಹ್ನ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಿಡಿದೆ. ಪ್ಯಾನೆಲ್ ಕಡೆ 13.4 ವೋಲ್ಟ್, 8.7 ಆಂಪಿಯರ್. ಬ್ಯಾಟರಿ ಕಡೆ 13.3 ವೋಲ್ಟ್, 8.6 ಆಂಪಿಯರ್. ಅಂದರೆ 115 ವ್ಯಾಟ್ ಆಸುಪಾಸು. ಉಳಿದದ್ದಕ್ಕೆ ನಾನು ದುಡ್ಡು ಕೊಟ್ಟಿದ್ದೇನೆ, ಅಷ್ಟೇ.

ಅಂಗಡಿಗೆ ಫೋನ್ ಮಾಡಿದರೆ, "ನಮ್ಮ ರಾಯಚೂರು ಬಿಸಲಿಗೆ ಪ್ಯಾನೆಲ್ ಕಾಯ್ತಾವ್ರೀ ಸರ್, ಅದಕ್ಕ ಪವರ್ ಕಮ್ಮಿ ಬರ್ತೈತಿ" ಅಂದರು. ಅರ್ಧ ನಿಜ ಇರುವುದರಿಂದಲೇ ಈ ಮಾತಿಗೆ ಜನ ಸುಮ್ಮನಾಗುತ್ತಾರೆ. ಪ್ಯಾನೆಲ್ ಮೇಲಿನ ವ್ಯಾಟ್ ಲೆಕ್ಕ 25 ಡಿಗ್ರಿಯದು. ಅದಕ್ಕಿಂತ ಒಂದೊಂದು ಡಿಗ್ರಿ ಏರಿದಂತೆ ಶೇ 0.4ರ ಆಸುಪಾಸು ಇಳಿಯುತ್ತದೆ. ಸೆಲ್ 65 ಡಿಗ್ರಿಗೆ ಕಾದರೂ ಹೋಗುವುದು ಶೇ 16. ನನಗೆ ಹೋದದ್ದು ಮೂರರಲ್ಲಿ ಎರಡು ಪಾಲು!

ಡಬ್ಬಿ ಬಿಚ್ಚಿದೆ. ವೋಲ್ಟೇಜ್ ಇಳಿಸಬೇಕಾದರೆ ಒಳಗೆ ತಾಮ್ರದ ತಂತಿ ಸುತ್ತಿದ ದಪ್ಪ ಕಾಯಿಲ್ ಇರಲೇಬೇಕು. ಇಲ್ಲಿ ನಾಲ್ಕು ಮಾಸ್ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್), ಒಂದು ಸಣ್ಣ ಚಿಪ್, ಉಳಿದಂತೆ ಖಾಲಿ ಜಾಗ. ನೀವು ಬಿಚ್ಚುವುದು ಬೇಡ, ವಾರಂಟಿ ಹೋಗುತ್ತದೆ. ಬ್ಯಾಟರಿ ಸ್ವಲ್ಪ ಇಳಿದಿರುವಾಗ, ಒಳ್ಳೆ ಬಿಸಿಲಿನಲ್ಲಿ ಎರಡೂ ಕಡೆ ಅಳೆದರೆ ಸಾಕು. ದೊಡ್ಡ ಪ್ಯಾನೆಲ್ ಇದ್ದೂ ಎರಡೂ ಕಡೆಯ ವೋಲ್ಟೇಜ್ ಒಂದೇ ಇದ್ದರೆ ಅದು ಎಂಪಿಪಿಟಿ ಅಲ್ಲ. ನನ್ನ ಪ್ಯಾನೆಲಿಗೆ ಬ್ಯಾಟರಿ ಕಡೆ 20 ಆಂಪಿಯರ್ ಹತ್ತಿರ ಬರಬೇಕಿತ್ತು.

ಅಷ್ಟಕ್ಕೇ ನಿಲ್ಲಲಿಲ್ಲ. ಹೊಸ ಬ್ಯಾಟರಿಯನ್ನು ವರ್ಷಗಟ್ಟಲೆ ದುಡಿದ ಹಳೆಯದಕ್ಕೆ ಪ್ಯಾರಲಲ್ ಕಟ್ಟಿ ಹೋಗಿದ್ದರು. ಮುದಿ ಎತ್ತಿನ ಜೊತೆ ಹೋರಿ ಹೂಡಿದ ಹಾಗೆ: ಭಾರವೆಲ್ಲ ಹೊಸದರ ಮೇಲೆ, ಸೊರಗುವುದೂ ಅದೇ. ಇನ್ನು ಪ್ಯಾನೆಲ್ ಲೈನಿಗೆ ಹಾಕಿದ್ದು ಮನೆ ವೈರಿಂಗಿನ ಎಸಿ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್). ಪ್ಯಾನೆಲಿನಿಂದ ಬರುವುದು ಡಿಸಿ. ಇದು ದುಡ್ಡಿನ ಮಾತಲ್ಲ, ಬೆಂಕಿಯ ಮಾತು. ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಸ್ವಿಚ್ ತೆರೆದಾಗ ಹುಟ್ಟುವ ಕಿಡಿ ತಾನೇ ಆರುತ್ತದೆ. ಡಿಸಿ ಸೊನ್ನೆಗೆ ಬರುವುದೇ ಇಲ್ಲ, ಕಿಡಿ ಉರಿಯುತ್ತಲೇ ಇರಬಹುದು. ಅದನ್ನು ಅವತ್ತೇ ಕಿತ್ತು ಡಿಸಿ ಎಂಸಿಬಿ ಹಾಕಿದೆ.

ವಾಪಸ್ ತಗೊಳ್ಳಿ ಅಂದರೆ, "ಬಿಲ್ಲಿನ್ಯಾಗ ಎಂಪಿಪಿಟಿ ಅಂತ ಎಲ್ಲೈತ್ರೀ?" ಎಂದು ನನ್ನನ್ನೇ ಕೇಳಿದರು. ನೋಡಿದರೆ "ಸೋಲಾರ್ ಸಾಮಾನು" ಅಂತ ಒಂದೇ ಸಾಲು, ಒಂದೇ ಮೊತ್ತ. ಎಸ್ಟಿಮೇಟ್ ಕಳಿಸಿದ ವಾಟ್ಸಾಪ್ ಮೆಸೇಜಿನಲ್ಲಿ ಆ ಪದ ಇತ್ತು; ಅದನ್ನೇ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ನೀವು ಬಿಲ್ಲಿನಲ್ಲಿ ಕಂಟ್ರೋಲರ್ ಮಾಡೆಲ್, ಬ್ಯಾಟರಿ ಸೀರಿಯಲ್ ನಂಬರ್, ಎಂಸಿಬಿ ಡಿಸಿಯದೋ ಎಸಿಯದೋ, ಎಲ್ಲ ಬೇರೆ ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಅಡ್ವಾನ್ಸ್ ಕೊಡಬೇಡಿ.