ಐರ್ಲೆಂಡಿನ ಕೆಲ್ಟಿಕ್ ನೆಲೆಗಳಿಗೆ ಬಾಡಿಗೆ ಕಾರಿನಲ್ಲಿ ಹೊರಡುವವರು ಗಮನಿಸಬೇಕಾದ್ದು

ಐರ್ಲೆಂಡಿನ ಪ್ರಾಚೀನ ನೆಲೆಗಳನ್ನು ಪ್ಯಾಕೇಜ್ ಟೂರಿನ ಹಂಗಿಲ್ಲದೆ ನೋಡಬೇಕೆನ್ನುವವರಿಗೆ ಕಾರು ಬಹುಮಟ್ಟಿಗೆ ಅನಿವಾರ್ಯ. ಬರೆನ್ ಸುಣ್ಣಕಲ್ಲು ಬಯಲಿನ ಪುಲ್‌ನಬ್ರೋನ್ ಶಿಲಾಸಮಾಧಿಗಾಗಲಿ, ಡಿಂಗಲ್ ಪರ್ಯಾಯದ್ವೀಪದ ತುದಿಯಲ್ಲಿರುವ ಗಾರೆಯಿಲ್ಲದ ಕಲ್ಲುಗುಡಿಸಲುಗಳಿಗಾಗಲಿ ಬಸ್ಸನ್ನೇ ನಂಬಿ ಹೊರಟರೆ ದಿನವೆಲ್ಲ ಕಾಯುವುದರಲ್ಲೇ ಮುಗಿಯುತ್ತದೆ. ವಿಮಾನ ನಿಲ್ದಾಣದ ಬಾಡಿಗೆ ಕಾರಿನ ಕೌಂಟರಿನಲ್ಲಿ ಕುಳಿತವರಿಗೂ ಇದು ಚೆನ್ನಾಗಿ ಗೊತ್ತು. ಕಳೆದ ಬೇಸಿಗೆಯಲ್ಲಿ ಡಬ್ಲಿನ್ನಿನಲ್ಲಿ ನಮ್ಮ ಕುಟುಂಬಕ್ಕಾದ ಅನುಭವ ಇನ್ನೊಬ್ಬರಿಗೆ ಆಗದಿರಲೆಂದು ಇದನ್ನು ಬರೆಯುತ್ತಿದ್ದೇನೆ.

ಕಾರನ್ನು ಊರಿನಿಂದಲೇ ಮಧ್ಯವರ್ತಿ ಜಾಲತಾಣವೊಂದರಲ್ಲಿ ಕಾದಿರಿಸಿ, ಅಲ್ಲಿಯೇ 'ಫುಲ್ ಪ್ರೊಟೆಕ್ಷನ್' ವಿಮೆಯನ್ನೂ ಕೊಂಡಿದ್ದೆವು. ಕೌಂಟರಿನಲ್ಲಿ ಆ ಕಾಗದವನ್ನು ತೋರಿಸಿದಾಗ, ಅದು ಬೇರೆಯವರ ಪಾಲಿಸಿಯೆಂದೂ ತಮ್ಮ ಲೆಕ್ಕಕ್ಕೆ ಬಾರದೆಂದೂ ಉತ್ತರ ಬಂತು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಮಧ್ಯವರ್ತಿಯ ವಿಮೆ ಹಾನಿಯ ಹಣವನ್ನು ನಾವು ಕಟ್ಟಿದ ಮೇಲೆ ಮರಳಿಸುವಂಥದ್ದೇ ಹೊರತು, ಕಾರು ಕೊಡುವವರನ್ನು ಯಾವ ರೀತಿಯಲ್ಲೂ ಬಂಧಿಸುವುದಿಲ್ಲ. ಬಾಡಿಗೆಯಲ್ಲೇ ಸೇರಿರುವ ಮೂಲ ರಕ್ಷಣೆಯೂ ಪೂರ್ಣವಲ್ಲ. ಹಾನಿಯಾದರೆ ಮೊದಲ ಸಾವಿರಾರು ಯೂರೋ ನಮ್ಮ ತಲೆಯ ಮೇಲೆಯೇ. ಅದಕ್ಕೆ 'ಎಕ್ಸೆಸ್' ಎನ್ನುತ್ತಾರೆ, ಮತ್ತು ಅಷ್ಟೂ ಮೊತ್ತವನ್ನು ಕಾರು ಮರಳಿಸುವವರೆಗೆ ಚಾಲಕನ ಕ್ರೆಡಿಟ್ ಕಾರ್ಡಿನಲ್ಲಿ ಬ್ಲಾಕ್ ಮಾಡುತ್ತಾರೆ.

ನಮ್ಮ ಫಾರೆಕ್ಸ್ ಕಾರ್ಡನ್ನು ಅವರು ಮುಟ್ಟಲಿಲ್ಲ. ಹೆಚ್ಚಿನ ಮಿತಿಯಿದ್ದ ನನ್ನ ಹೆಂಡತಿಯ ಕ್ರೆಡಿಟ್ ಕಾರ್ಡೂ, ಒಪ್ಪಂದದಲ್ಲಿ ಚಾಲಕನಾಗಿ ನನ್ನ ಹೆಸರಿರುವ ಕಾರಣಕ್ಕೆ, ನಡೆಯಲಿಲ್ಲ. ನನ್ನ ಕಾರ್ಡಿನ ಮಿತಿ ಸಾಲದಾದಾಗ ಉಳಿದದ್ದು ಒಂದೇ ದಾರಿ, ದಿನಕ್ಕಿಷ್ಟೆಂದು ತೆತ್ತು ಅವರದೇ ವಿಮೆ ಕೊಳ್ಳುವುದು. ಅದು ಬಾಡಿಗೆಯನ್ನೇ ಮೀರಿಸಿತು. ಒಪ್ಪಂದ ಬಂದದ್ದು ಅಂಗೈಯಗಲದ ಪರದೆಯಲ್ಲಿ. ಸಿಬ್ಬಂದಿಯೇ ಬೆರಳಿನಿಂದ ಪುಟಗಳನ್ನು ಮೇಲಕ್ಕೆ ತಳ್ಳುತ್ತ ಸಹಿಯ ಚೌಕ ಬಂದಾಗ ಮಾತ್ರ ನಿಲ್ಲಿಸುತ್ತಿದ್ದರು. ಹಾಗೆ ಸರಿದುಹೋದ ಪುಟಗಳಲ್ಲೊಂದರಲ್ಲಿ ಟೈರು, ಗಾಜು ಮತ್ತು ಕಾರಿನ ತಳಭಾಗ ಈ ವಿಮೆಗೆ ಸೇರುವುದಿಲ್ಲವೆಂಬ ಸಾಲಿತ್ತು.

ಐರ್ಲೆಂಡಿನ ಹಳ್ಳಿರಸ್ತೆಗಳಲ್ಲಿ ಪೆಟ್ಟಾಗುವುದು ಮುಖ್ಯವಾಗಿ ಟೈರಿಗೇ. ಡಿಂಗಲ್ ತುದಿಯನ್ನು ಬಳಸುವ ಸ್ಲೇ ಹೆಡ್ ರಸ್ತೆಯನ್ನು ಪ್ರದಕ್ಷಿಣೆಯಾಗಿ ಸುತ್ತಬೇಕೆಂದು ಅಲ್ಲಿಯವರು ಹೇಳುತ್ತಾರೆ. ಪ್ರವಾಸಿ ಬಸ್ಸುಗಳು ಹಾಗೆಯೇ ಹೋಗುವುದರಿಂದ ಎದುರುಬದುರಾಗುವುದು ತಪ್ಪುತ್ತದೆ. ನಾವೂ ಹಾಗೆಯೇ ಹೊರಟಿದ್ದೆವು. ಎದುರಿನಿಂದ ಬಂದ ವ್ಯಾನೊಂದಕ್ಕೆ ದಾರಿ ಬಿಡಲು ಎಡಕ್ಕೆ ಸರಿದಾಗ, ಫ್ಯೂಷಿಯಾ ಹೂಬೇಲಿಯೊಳಗೆ ಅಡಗಿದ್ದ ಕಲ್ಲುಗೋಡೆಯ ಮೊನೆ ಟೈರಿನ ಪಕ್ಕವನ್ನು ಬೆರಳುದ್ದ ಸೀಳಿತು. ಡಿಕ್ಕಿ ತೆರೆದರೆ ಸ್ಟೆಪ್ನಿಯೇ ಇಲ್ಲ, ಅಂಟುದ್ರವದ ಡಬ್ಬಿ ಮತ್ತು ಪುಟ್ಟ ಪಂಪು ಮಾತ್ರ ಇದ್ದವು. ಪಕ್ಕ ಸೀಳಿದ ಟೈರಿಗೆ ಆ ಅಂಟು ಹಿಡಿಯುವುದಿಲ್ಲ. ಟೋಯಿಂಗ್ ವಾಹನ ಬಂದು ಹೊಸ ಟೈರು ಬೀಳುವಷ್ಟರಲ್ಲಿ ಮರುದಿನದ ಸ್ಕೆಲ್ಲಿಗ್ ಮೈಕೆಲ್ ದೋಣಿ ತಪ್ಪಿಹೋಗಿತ್ತು. 618 ಮೆಟ್ಟಿಲುಗಳ ಆ ಸನ್ಯಾಸಿಗಳ ಬಂಡೆದ್ವೀಪಕ್ಕೆ ದಿನಕ್ಕೆ 180 ಜನರಿಗಷ್ಟೇ ಅವಕಾಶ. ಬೇಸಿಗೆಯ ನಡುವೆ ಮತ್ತೊಂದು ಟಿಕೆಟ್ ಸಿಗುವ ಮಾತೇ ಇರಲಿಲ್ಲ.

ತಿಂಗಳುಗಳ ಪತ್ರವ್ಯವಹಾರದ ನಂತರ ಮಧ್ಯವರ್ತಿಯ ವಿಮೆ ಟೈರಿನ ಹಣವನ್ನು ಕೊಟ್ಟಿತು. ಟೋಯಿಂಗ್ ಖರ್ಚನ್ನೂ 'ಆಡಳಿತ ಶುಲ್ಕ'ವನ್ನೂ ಕೊಡಲಿಲ್ಲ. ಬಾಡಿಗೆಯವರು ವಿವರವಾದ ಬಿಲ್ ಕೊಡದೆ ಒಟ್ಟು ಮೊತ್ತವನ್ನು ಒಂದೇ ಸಾಲಿನಲ್ಲಿ ಬರೆದದ್ದು ಅದಕ್ಕೆ ನೆಪವಾಯಿತು.

ಆದ್ದರಿಂದ ಹೊರಡುವ ಮೊದಲೇ ಎಕ್ಸೆಸ್ ಎಷ್ಟು, ಬ್ಲಾಕ್ ಎಷ್ಟು, ಟೈರು-ಗಾಜು ಸೇರಿದೆಯೇ ಎಂದು ಬಾಡಿಗೆ ಕಂಪನಿಯಿಂದಲೇ ಇಮೇಲಿನಲ್ಲಿ ಉತ್ತರ ಪಡೆಯಿರಿ. ಚಾಲಕನ ಹೆಸರಿನ ಕ್ರೆಡಿಟ್ ಕಾರ್ಡಿನಲ್ಲಿ ವಿದೇಶಿ ಬಳಕೆಯನ್ನು ತೆರೆಸಿ, ಮಿತಿಯನ್ನು ಏರಿಸಿಕೊಳ್ಳಿ. ವಿಮಾನವಿಳಿದ ದಣಿವಿನಲ್ಲಿ ಕೌಂಟರಿಗೆ ಹೋಗುವ ಅಗತ್ಯವೂ ಇಲ್ಲ. ಪ್ರಾಚೀನ ಐರಿಷ್ ರಾಜರ ನೆಲೆಯೆನ್ನಲಾದ ತಾರಾ ಬೆಟ್ಟ ಮತ್ತು ನ್ಯೂಗ್ರೇಂಜ್ ಸಮಾಧಿ ಎರಡಕ್ಕೂ ಡಬ್ಲಿನ್ನಿನಿಂದ ದಿನದ ಪ್ರವಾಸದ ಬಸ್ಸುಗಳಿವೆ. ನ್ಯೂಗ್ರೇಂಜಿಗಂತೂ ಸ್ವಂತ ಕಾರಿದ್ದರೂ ಸಂದರ್ಶಕರ ಕೇಂದ್ರದಿಂದ ಅವರ ಬಸ್ಸಿನಲ್ಲೇ ಹೋಗಬೇಕು. (ಕ್ರಿ.ಪೂ. 3200ರ ಸುಮಾರಿನ ಆ ಸಮಾಧಿ ಕೆಲ್ಟರೆಂಬ ಪ್ರಾಚೀನ ಐರೋಪ್ಯ ಜನರಿಗಿಂತ ಬಹಳ ಹಿಂದಿನದು. ಟೂರಿನವರು ಎಲ್ಲವನ್ನೂ ಕೆಲ್ಟಿಕ್ ಎಂದೇ ಮಾರುತ್ತಾರೆ.) ಅವನ್ನು ಮೊದಲು ನೋಡಿ, ಪಶ್ಚಿಮಕ್ಕೆ ಹೊರಡುವ ದಿನ ಕಾರು ಹಿಡಿಯುವುದು ಮೇಲು.

ಅಲ್ಸ್ಟರ್ ರಾಜರ ನೆಲೆಯೆನ್ನಲಾದ ನಾವನ್ ಕೋಟೆ ಆರ್ಮಾ ನಗರದ ಬಳಿ, ಅಂದರೆ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನಲ್ಲಿದೆ. ದಾರಿಯಲ್ಲಿ ಗಡಿಯ ಚೆಕ್‌ಪೋಸ್ಟ್ ಇಲ್ಲವೆಂದು ಭಾರತೀಯ ಪಾಸ್‌ಪೋರ್ಟಿನವರು ಹಾಗೆಯೇ ದಾಟಬಾರದು. ಬರಿಯ ಐರಿಷ್ ವೀಸಾ ಅಲ್ಲಿ ನಡೆಯುವುದಿಲ್ಲ, ಆ ವೀಸಾದ ಮೇಲೆ ಬ್ರಿಟಿಷ್-ಐರಿಷ್ ವೀಸಾ ಯೋಜನೆಯ ಗುರುತು ಅಥವಾ ಬ್ರಿಟನ್ನಿನದೇ ವೀಸಾ ಬೇಕು. ಕಾರನ್ನು ಗಡಿ ದಾಟಿಸುವುದನ್ನೂ ಬಾಡಿಗೆಯವರಿಗೆ ಮೊದಲೇ ತಿಳಿಸಬೇಕು.

ಕಾರು ಪಡೆಯುವಾಗ ನಾಲ್ಕು ಚಕ್ರಗಳ ರಿಮ್ಮು, ಬಾಗಿಲುಗಳ ಕೆಳ ಅಂಚು, ಮುಂಗಾಜುಗಳನ್ನು ಬೆಳಕಿನಲ್ಲಿ ವೀಡಿಯೋ ಮಾಡಿಕೊಳ್ಳಿ. ಮರಳಿಸುವಾಗ ಕೀಲಿಯನ್ನು ಪೆಟ್ಟಿಗೆಗೆ ಹಾಕಿ ಓಡದೆ, ಹಾನಿಯಿಲ್ಲವೆಂದು ಸಹಿ ಮಾಡಿದ ಚೀಟಿ ಕೇಳಿ. ನಸುಕಿನ ವಿಮಾನದಿಂದಾಗಿ ನಮಗೆ ಆ ಚೀಟಿ ಸಿಗಲಿಲ್ಲ. ಹಿಂಬಾಗಿಲಿನ ಹಳೆಯ ಗೀರೊಂದಕ್ಕೆ ಅವರು ಎಳೆದುಕೊಂಡ ಹಣದ ತಕರಾರು ಬ್ಯಾಂಕಿನಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.